ಗಂಡು ಕೊಡುವುದಿದೆ

ಈ ಕೊಟ್ಟಿಗೆಯಲ್ಲಿ ಹೆಣ್ಣು ಹುಟ್ಟಿದರೆ ಹಬ್ಬ.
ಟಾರ್ಚು ಹಲ್ಲಿನಲ್ಲಿ ಕಚ್ಚಿ, ಕೈತುಂಬ ಲೋಳೆ,
ಬಾಲವೆತ್ತಿ ನೋಡುವ ಆ ಒಂದು ಗಳಿಗೆ
ಉಸಿರು ಬಿಡುವುದಿಲ್ಲ ನಾನು.

ಈ ಮಾರ್ಚಿನಲ್ಲಿ ಏಳು ಮರಿ. ಐದು ಗಂಡು.
ಅಯ್ಯೋ ಅಂದೆ, ಜೋರಾಗಿಯೇ.
ಟೆಗ್ವೆನ್ ಒಮ್ಮೆ ನನ್ನ ಮುಖ ನೋಡಿ
ಮತ್ತೆ ನೆಕ್ಕತೊಡಗಿದಳು,
ಲೆಕ್ಕ ಬಾರದವಳು.

ನನಗೆ ಬರುತ್ತದೆ. ಹತ್ತೊಂಬತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ತಲೆ ಎಣಿಸದೆ ಬಾಗಿಲು ಹಾಕಿದವಳಲ್ಲ.
ಮೂರೂವರೆ ಎಕರೆ, ಅದೂ ಕಲ್ಲಿನ ಇಳಿಜಾರು,
ಐರ್ಲೆಂಡಿನ ಕಡೆಯಿಂದ ಬೀಸುವ ಉಪ್ಪು ಗಾಳಿ,
ಹಾಲು ಕೊಡುವ ಬಾಯಿಗಳಿಗೇ ಹುಲ್ಲು ಸಾಲದು.
ಹಾಲು ಬೇಕಾದರೆ ಮರಿಯಾಗಬೇಕು.
ಶನಿವಾರದ ಸಂತೆಯಲ್ಲಿ ನಾನು ಮಾರುವ
ಒಂದೊಂದು ಬಿಳಿ ಚೀಸಿನ ಬಿಲ್ಲೆಯ ಹಿಂದೆಯೂ
ಒಂದು ಹೋತಮರಿ ನಿಂತಿರುತ್ತದೆ.
ಕೊಳ್ಳುವವರಿಗೆ ಕಾಣುವುದಿಲ್ಲ.

ಮೇವಿನಂಗಡಿಯ ಗೋಡೆಗೆ ಚೀಟಿ ಅಂಟಿಸಿದೆ:
ಗಂಡು ಕೊಡುವುದಿದೆ. ಬಿಳಿ ಮೈ, ಸಾಧು ಸ್ವಭಾವ.
ಕೊಂಬು ಸುಡಿಸಿದೆ, ಬೀಜ ಕಟ್ಟಿಸಿದೆ.
ಜೋಡಿಯಾಗಿ ಮಾತ್ರ.
ವರದಕ್ಷಿಣೆ ಅರ್ಧ ಮೂಟೆ ಮೇವು, ನಮ್ಮ ಕಡೆಯಿಂದಲೇ.

ಮೊದಲು ಫೋನು ಮಾಡಿದವನು ಪ್ರೊಸರ್. ಪೊದೆ ತಿನ್ನುತ್ತವಾ?
ಯಾವ ಪೊದೆ?
ರೋಡೊಡೆಂಡ್ರಾನ್, ಗುಡ್ಡದ ತುಂಬ.
ಆಡು ಮುಟ್ಟದ ಸೊಪ್ಪಿಲ್ಲ, ನಿಜ.
ಆ ಸೊಪ್ಪನ್ನೂ ಮುಟ್ಟುತ್ತದೆ,
ಸಂಜೆಗೆ ನೊರೆ ಕಾರಿ ಬೀಳುತ್ತದೆ.
ಬಿದ್ದರೆ ಬೇರೆ ಕೊಡ್ತೀಯಾ, ಅಂದ.

ಇನ್ನೊಬ್ಬಳಿಗೆ ಮಗಳ ಹುಟ್ಟುಹಬ್ಬಕ್ಕೆ ಒಂದೇ ಒಂದು ಸಾಕಂತೆ,
ಬಟ್ಟೆ ಒಣಹಾಕುವ ಹಿತ್ತಲಿದೆಯಂತೆ.
ಒಂಟಿ ಆಡು ಆಡುವುದಿಲ್ಲ ತಾಯಿ,
ರಾತ್ರಿಯಿಡೀ ಕೂಗುತ್ತದೆ.

ಮುದುಕ ಇಲ್ಟಿಡ್ ಎರಡು ಒಯ್ದ. ಅವನ ಕತ್ತೆಗೆ
ಜೊತೆಯಿದ್ದ ಕುದುರೆ ತೀರಿಹೋಗಿತ್ತು.
ನಾನೇ ಹೋಗಿ ಮನೆ ನೋಡಿದೆ,
ಬೇಲಿ ಹಿಡಿದು ಅಲ್ಲಾಡಿಸಿದೆ,
ನೀರಿನ ತೊಟ್ಟಿಗೆ ಮೊಣಕೈವರೆಗೆ ಕೈ ಬಿಟ್ಟೆ.
ಕತ್ತೆ ಬಂದು ಮರಿಗಳ ಮೂತಿ ಮೂಸಿತು.
ಆಗಲಿ ಅಂದೆ, ಹಿರಿಯರಂತೆ.

ಉಳಿದದ್ದು ಮೂರು.

ಸ್ವಾನ್ಸೀಯಿಂದ ಬಂದ ಟೆಕ್ಲೆ ಗೇಟಿನ ಹೊರಗೇ ನಿಂತು ಹೇಳಿದ:
ಸುಳ್ಳು ಹೇಳುವುದಿಲ್ಲ. ಸೆಪ್ಟೆಂಬರಿನಲ್ಲಿ ಮಸ್ಕೆಲ್ ಹಬ್ಬ.
ನಾವು ತಿನ್ನುತ್ತೇವೆ.
ಇಷ್ಟು ದಿನ ಬಂದವರೆಲ್ಲ
ಸಾಕುತ್ತೇವೆ ಅಂದಿದ್ದರು, ಕಣ್ಣು ತಪ್ಪಿಸಿ.
ಇವನು ಕೆಸರಿನಲ್ಲಿ ಮಂಡಿಯೂರಿ
ನಾಲಿಗೆಯಲ್ಲಿ ಏನೋ ಸದ್ದು ಮಾಡಿದ,
ಕೆರೆನ್ ಊರಿನ ಬೆಟ್ಟದಲ್ಲಿ ಹುಡುಗನಾಗಿ ಕಲಿತದ್ದಂತೆ.
ಮೂರೂ ಓಡಿಬಂದವು,
ವೇಲ್ಸಿನಲ್ಲಿ ಹುಟ್ಟಿದವು, ಆ ಭಾಷೆ ಯಾವಾಗ ಕಲಿತವೋ.

ಬೆನ್ನೆಲುಬಿನ ಮೇಲೆ ಬೆರಳಾಡಿಸುತ್ತ ಕೇಳಿದ,
ಹೆಸರಿಟ್ಟಿದ್ದೀರಾ? ಇಟ್ಟಿದ್ದರೆ ನನಗೆ ಹೇಳಬೇಡಿ.
ಇಟ್ಟಿಲ್ಲ ಅಂದೆ.
ಆ ದಿನದ ಸುಳ್ಳು ನನ್ನದು.

ಅಲ್ಲಿಯವರೆಗೆ ತಾಯಿಯ ಹತ್ತಿರವೇ ಇರಲಿ, ಮೇವಿನ ದುಡ್ಡು ನಾನು ಕೊಡುತ್ತೇನೆ,
ಅಂದ. ಕೊಟ್ಟ. ಬೇಸಿಗೆಯಿಡೀ ಮರಿಗಳು
ಬಿದ್ದ ಗೋಡೆ ಹತ್ತಿದವು, ಹಾರಿದವು,
ನನ್ನ ಟೋಪಿ ತಿಂದವು.
ಒಂದು ಭಾನುವಾರ ಟೆಕ್ಲೆಯ ಮಗಳು ಬಿಸ್ರಾತ್ ಬಂದವಳು
ಮರಿಗಳ ಹತ್ತಿರ ಹೋಗದೆ ಕಾರಿನಲ್ಲೇ ಕೂತಳು.
ಅವಳಿಗೆ ಗೊತ್ತಿತ್ತು.

ಕಸಾಯಿಖಾನೆಗೆ ನಾನೂ ಹೋದೆ. ಟ್ರೇಲರಿನಿಂದ ಇಳಿಸುವಾಗ
ಅವುಗಳಿಗೆ ಗೊತ್ತಿರುವ ಕೈ ಇರಲಿ ಎಂದು.
ಅದನ್ನು ಬರೆಯಲಾರೆ.

ವಾರದ ಮೇಲೆ ಗೇಟಿನ ಕಂಬದ ಮೇಲೆ ಒಂದು ಡಬ್ಬಿ,
ಕೆಂಪು ಸಾರು, ಇನ್ನೂ ಬಿಸಿ.
ನಿಂತೇ ಇದ್ದೆ ಎಷ್ಟೋ ಹೊತ್ತು.
ಆಮೇಲೆ ಕೂತು ತಿಂದೆ.
ಖಾರಕ್ಕೆ ಅಂತ ಮೂಗು ಒರೆಸಿಕೊಂಡೆ.

ಖಾಲಿ ಡಬ್ಬಿ ಹಿಂದಿರುಗಿಸಬಾರದು.
ತೊಳೆದು, ಒರೆಸಿ, ಟೆಗ್ವೆನ್ ಹಾಲಿನ ಚೀಸು ತುಂಬಿ ಇಟ್ಟಿದ್ದೇನೆ.

ಟೆಗ್ವೆನ್ ಮಾತ್ರ ಬೆಳಗಿನಿಂದ ಬಾಲ ಅಲ್ಲಾಡಿಸುತ್ತ
ಬೇಲಿಯಾಚೆಗೆ ಕೂಗುತ್ತಿದ್ದಾಳೆ.
ಬೆದೆಗೆ ಬಂದಿದ್ದಾಳೆ.
ಪಕ್ಕದ ಕಣಿವೆಯ ಹೋತದ ನಾತ
ಗಾಳಿಯಲ್ಲಿ ಇಲ್ಲಿಯವರೆಗೂ.